ಕಮಾನು ಹಿಡಿದ ಹೆಬ್ಬೆರಳು

ನಾನು ಎಲ್ಲವನ್ನೂ ಗಟ್ಟಿಯಾಗಿ ಹಿಡಿಯುವ ಮನುಷ್ಯ. ಇದನ್ನು ದೊಡ್ಡ ಗುಣವೆಂದು ಹೇಳಿಕೊಳ್ಳುತ್ತಿಲ್ಲ, ಇದ್ದದ್ದನ್ನು ಹೇಳುತ್ತಿದ್ದೇನೆ. ನಾನು ಬರೆದುಕೊಟ್ಟ ಔಷಧಿ ಚೀಟಿಯ ಹಿಂಬದಿಯನ್ನು ಬೆರಳಿನಿಂದ ಸವರಿದರೆ ಮಾತ್ರೆಯ ಹೆಸರು ಕೈಗೇ ಸಿಗುತ್ತದೆ. ನನ್ನ ಹಲ್ಲುಜ್ಜುವ ಬ್ರಷ್ಷಿನ ಎಳೆಗಳು ತಿಂಗಳು ತುಂಬುವುದರೊಳಗೆ ಗಾಳಿಮಳೆಗೆ ಮಲಗಿದ ಭತ್ತದ ಪೈರಿನಂತೆ ಸುತ್ತಲೂ ಒರಗಿಬಿಡುತ್ತವೆ. ಆದರೂ ಬಂದವರಿಗೆಲ್ಲ ದಿನವೂ “ಮೆತ್ತಗೆ ಉಜ್ಜಬೇಕು, ಒತ್ತಬಾರದು” ಎಂದು ಹೇಳುತ್ತೇನೆ. ಹಾಗೆ ಹೇಳುವುದೇ ನನ್ನ ಕಸುಬು. ನಾನು ಚನ್ನಗಿರಿಯಲ್ಲಿ ಹಲ್ಲಿನ ಡಾಕ್ಟರು.

ನಮ್ಮ ಕಡೆಯ ದವಡೆಗಳ ವಿಷಯ ಹೊರಗಿನವರಿಗೆ ಅಷ್ಟಾಗಿ ಗೊತ್ತಿರಲಿಕ್ಕಿಲ್ಲ. ಬುದ್ಧಿ ಬಂದಾಗಿನಿಂದ ಅಡಿಕೆ ಜಗಿದು ಪಳಗಿದ ದವಡೆಗಳು ಇವು. ಇಲ್ಲಿ ಹಲ್ಲು ಅಲ್ಲಾಡುವುದು ತಡ, ಅಲ್ಲಾಡಿದ ಮೇಲೂ ಕೈಬಿಟ್ಟು ಬರುವುದು ಇನ್ನೂ ತಡ. ಇಂಥ ಊರಿನಲ್ಲಿ ಗಟ್ಟಿ ಹಿಡಿತವೇ ನನಗೆ ಹೆಸರು ತಂದದ್ದು. “ಆ ಡಾಕ್ಟ್ರ ಕೈಗೆ ಸಿಕ್ರೆ ಹಲ್ಲು ಬಂದಂಗೇ” ಎಂದು ಸಂತೆಯಲ್ಲಿ ಯಾರೋ ಹೇಳಿದರಂತೆ. ಆ ಮಾತು ಕೇಳಿ ನಾನು ಒಂದು ವಾರ ಒಳಗೊಳಗೇ ಬೀಗಿದ್ದೆ.

ಇಂಥ ಕೈಗೆ ನಡುವಯಸ್ಸಿನಲ್ಲಿ ಪಿಟೀಲು ಹಿಡಿಯುವ ಆಸೆ ಏಕೆ ಹುಟ್ಟಿತು ಎಂದರೆ ಕಾರಣ ಸಣ್ಣದು. ನ್ಯಾಮತಿಯಲ್ಲಿ ಸ್ನೇಹಿತನೊಬ್ಬ ಹೊಸ ಮನೆಯ ಗೃಹಪ್ರವೇಶಕ್ಕೆ ಕರೆದಿದ್ದ. ಊಟದ ಪಂಕ್ತಿಗೆ ಇನ್ನೂ ಹೊತ್ತಿತ್ತು. ಹಜಾರದಲ್ಲಿ ಹೆಂಗಸೊಬ್ಬರು ವಚನ ಹಾಡುತ್ತಿದ್ದರು, ಅವರ ಪಕ್ಕದಲ್ಲಿ ಬಿಳಿ ಗಡ್ಡದ ಹಿರಿಯರೊಬ್ಬರು ಪಿಟೀಲು ನುಡಿಸುತ್ತಿದ್ದರು. ಕುರ್ಚಿಗಳೆಲ್ಲ ತುಂಬಿದ್ದರಿಂದ ನಾನು ಆ ಪಿಟೀಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂರಬೇಕಾಯಿತು. ದಿನವಿಡೀ ಹಲ್ಲು ಕೊರೆಯುವ ಯಂತ್ರದ ಕೊಂಯ್ ಸದ್ದು ಕೇಳುವ ಕಿವಿ ನನ್ನದು. ಅದೇ ಕಿವಿಯ ಪಕ್ಕದಲ್ಲಿ ತಂತಿಯೊಂದು ಮನುಷ್ಯನ ಹಾಗೆ ಉಸಿರು ಎಳೆದುಕೊಂಡು ಬಿಟ್ಟಿತು. ಊಟಕ್ಕೆ ಎದ್ದೇಳುವ ಮೊದಲೇ ಅವರನ್ನು ಕೇಳಿಬಿಟ್ಟೆ: “ನನಗೆ ಕಲಿಸ್ತೀರಾ?”

ಅವರು ನನ್ನ ಕೈ ನೋಡಿದರು, ಮುಖ ನೋಡಿದರು. “ಹೊನ್ನಾಳಿಗೆ ಬರಾಕಾದ್ರೆ ಬರ್ರಿ” ಎಂದರು. ಅವರೇ ಖಾದರ್ ಮೇಷ್ಟ್ರು. ಹಾಡುತ್ತಿದ್ದವರು ಜಗಳೂರಿನ ಬಸಮ್ಮ.

ಮನೆಯಲ್ಲಿ ವಿಷಯ ತಿಳಿಸಿದಾಗ ನನ್ನ ಹೆಂಡತಿ ಸುಮಾ ಮಜ್ಜಿಗೆ ಕಡೆಯುವುದನ್ನು ನಿಲ್ಲಿಸಲೂ ಇಲ್ಲ. “ಊರೋರ ಹಲ್ಲು ಕೊರೆದಿದ್ದು ಸಾಲ್ದು ಅಂತ ಇನ್ಮೇಲೆ ನಮ್ಮ ಕಿವೀನೂ ಕೊರೀತೀರಾ?” ಎಂದಳು. ಕನ್ನಡದಲ್ಲಿ ಒಬ್ಬ ಮನುಷ್ಯ ಇನ್ನೊಬ್ಬನ ತಲೆ ತಿನ್ನುವುದಕ್ಕೆ ‘ಪಿಟೀಲು ಕುಯ್ಯುವುದು’ ಎಂಬ ಹೆಸರಿದೆ. ಈ ಮಾತನ್ನು ಹುಟ್ಟುಹಾಕಿದ ಪುಣ್ಯಾತ್ಮ ಖಂಡಿತ ನನ್ನಂಥ ಹೊಸ ಕಲಿಕೆಯವನ ಪಕ್ಕದ ಮನೆಯಲ್ಲಿ ಬಾಡಿಗೆಗೆ ಇದ್ದವನೇ ಇರಬೇಕು.

ಪ್ರತಿ ಭಾನುವಾರ ಬೆಳಿಗ್ಗೆ ಸಾಸ್ವೆಹಳ್ಳಿ ಮೇಲೆ ಹೊನ್ನಾಳಿಗೆ ಹೋಗುವುದು ನನ್ನ ರೂಢಿಯಾಯಿತು. ಮೇಷ್ಟ್ರ ಮನೆ ಹೊಳೆಯ ಕಡೆಗೆ ಇಳಿಯುವ ಒಂದು ಓಣಿಯಲ್ಲಿತ್ತು. ಮುಂದಿನ ಕೋಣೆಯಲ್ಲಿ ಚಾಪೆ, ಗೋಡೆಗೆ ಒಂದು ಗಡಿಯಾರ, ಮೂಲೆಯಲ್ಲಿ ಕಪಾಟು. ಒಳಗಿನಿಂದ ಅವರ ಹೆಂಡತಿ ಜೈನಬಿ ಚಹಾ ತರುತ್ತಿದ್ದರು, ಅದೂ ಎಂಥದ್ದು, ಲೋಟದ ಅಂಚು ಬಿಟ್ಟು ಬೇರೆಲ್ಲಿ ಮುಟ್ಟಿದರೂ ಸುಡುವಂಥದ್ದು. ಮೇಷ್ಟ್ರು ಹರೆಯದಲ್ಲಿ ನಾಟಕ ಕಂಪನಿಗಳ ಜತೆ ಊರೂರು ತಿರುಗಿದವರು. ಆಮೇಲೆ ಭಜನೆ, ಮದುವೆ, ಶಾಲೆಯ ವಾರ್ಷಿಕೋತ್ಸವ, ಎಲ್ಲಿ ಕರೆದರೆ ಅಲ್ಲಿ. ಬಸಮ್ಮನವರ ಹಾಡಿಗೆ ಮಾತ್ರ ಕರೆಯದಿದ್ದರೂ ಹೋಗುತ್ತಿದ್ದರು.

ಅವರು ಪಾಠ ಹೇಳುವ ರೀತಿಯಲ್ಲಿ ಮಾತು ಕಡಿಮೆ. ಕಮಾನನ್ನು ಎತ್ತಿ ತೋರಿಸಿ “ಹಿಂಗೆ ಹಿಡ್ಕಳ್ರಿ” ಎನ್ನುತ್ತಿದ್ದರು. ನಾನು ಹಾಗೆ ಹಿಡಿಯುತ್ತಿದ್ದೆ. ಅವರ ಹೆಬ್ಬೆರಳು ಕಡ್ಡಿಗೆ ಒತ್ತಿ ನೆಟ್ಟಗೆ ನಿಂತಿರುತ್ತಿತ್ತು, ಉಗುರು ಬೆಳ್ಳಗಾಗಿರುತ್ತಿತ್ತು. ನನ್ನದನ್ನೂ ಹಾಗೇ ನಿಲ್ಲಿಸಿದೆ. ಗಟ್ಟಿ ಹಿಡಿಯುವ ವಿದ್ಯೆಯಲ್ಲಿ ನನಗೆ ಯಾರೂ ಹೇಳಿಕೊಡಬೇಕಾದದ್ದಿಲ್ಲ. ಉಳಿದ ಎಲ್ಲದರಲ್ಲೂ ದಡ್ಡನಾದ ನಾನು ಇದೊಂದರಲ್ಲಿ ಮೊದಲ ದಿನವೇ ಪಾಸಾದೆ.

ಕಮಾನು ಎಂಬ ಪದದ ಬಗ್ಗೆ ನಾನು ಆ ದಿನಗಳಲ್ಲಿ ಬಹಳ ಯೋಚಿಸುತ್ತಿದ್ದೆ. ನುಡಿಸಲು ಬಾರದವನು ಪದಗಳ ಬಗ್ಗೆ ಯೋಚಿಸುತ್ತಾನೆ. ಪಾರಸಿಯಿಂದ ಬಂದು ನಮ್ಮದಾದ ಪದ ಅದು. ಊರ ಬಾಗಿಲಿನಲ್ಲಿ ಕಟ್ಟಿದ್ದು ಕಮಾನು, ಲಾರಿಯ ಗಾಲಿಯ ಮೇಲೆ ಹೊರೆ ಹೊರುವ ಉಕ್ಕಿನ ಪಟ್ಟಿಯೂ ಕಮಾನು, ಪಿಟೀಲಿನ ಮೇಲೆ ಓಡಾಡುವ ಕುದುರೆ ಬಾಲದ ಕೂದಲಿನ ಕಡ್ಡಿಯೂ ಕಮಾನು. ಮೂರೂ ಬಾಗಿರುವುದರಿಂದಲೇ ಕೆಲಸ ಮಾಡುತ್ತವೆ. ಅದನ್ನು ಹಿಡಿದವನು ಮಾತ್ರ ಭುಜದಿಂದ ಬೆರಳ ತುದಿಯವರೆಗೆ ವಿದ್ಯುತ್ ಕಂಬದಂತೆ ನೆಟ್ಟಗೆ ಕೂತಿದ್ದ. ಕಮಾನಿನ ಬುಡದಲ್ಲಿ ಕೈ ಹಿಡಿಯುವ ಕರಿಮರದ ತುಂಡಿಗೆ ಇಂಗ್ಲಿಷಿನವರು ಕಪ್ಪೆ ಎಂದು ಹೆಸರಿಟ್ಟಿದ್ದಾರಂತೆ. ನಾನು ಅದನ್ನು ಅಮುಕುತ್ತಿದ್ದ ಪರಿಗೆ ಅದು ನಿಜವಾದ ಕಪ್ಪೆಯಾಗಿದ್ದರೆ ನನ್ನ ಮೇಲೆ ಕೇಸು ಬೀಳುತ್ತಿತ್ತು.

ಒಂದು ವರ್ಷ ಕಳೆಯುವ ಹೊತ್ತಿಗೆ ಹೆಬ್ಬೆರಳಿನ ಬುಡದಲ್ಲಿ ನೋವು ಶುರುವಾಯಿತು. ಮೊದಲು ಪಿಟೀಲು ನುಡಿಸುವಾಗ ಮಾತ್ರ ಇತ್ತು. ಆಮೇಲೆ ಬಾಗಿಲ ಬೀಗ ತಿರುಗಿಸುವಾಗ ಬಂತು, ಆಮೇಲೆ ಅಂಗಿಯ ಗುಂಡಿ ಹಾಕುವಾಗ. ನಾನು ಯಾರಿಗೂ ಹೇಳಲಿಲ್ಲ. ಡಾಕ್ಟರುಗಳು ತಮ್ಮ ನೋವನ್ನು ಯಾರಿಗೂ ಹೇಳುವುದಿಲ್ಲ, ಹೇಳಿದರೆ ಬೇರೆ ಡಾಕ್ಟರ ಹತ್ತಿರ ಹೋಗು ಎನ್ನುತ್ತಾರಲ್ಲ ಎಂಬ ಭಯ. ಒಂದು ಮಧ್ಯಾಹ್ನ ಉಬ್ರಾಣಿಯ ರೈತರೊಬ್ಬರ ಹಿಂದವಡೆಯ ಹಲ್ಲು ಕೀಳುತ್ತಿದ್ದೆ. ಹಲ್ಲು ಸಡಿಲಾಗಿ ಇನ್ನೇನು ಬಂತು ಎನ್ನುವಾಗ ನನ್ನ ಹೆಬ್ಬೆರಳು ಒಮ್ಮೆಗೇ ಸೋತುಹೋಯಿತು. ಇಕ್ಕಳ ಜಾರಿತು. ಅವರಿಗೆ ಏನೂ ಆಗಲಿಲ್ಲ, ಆಗಿದ್ದು ಅವರಿಗೆ ತಿಳಿಯಲೂ ಇಲ್ಲ. ಎಡಗೈ ಆಸರೆ ಕೊಟ್ಟು ಕೆಲಸ ಮುಗಿಸಿದೆ. ಅವರು ಹೋದ ಮೇಲೆ ಕುರ್ಚಿಯಲ್ಲಿ ನಾನೇ ಕೂತೆ. ರೋಗಿಗಳು ಕೂರುವ ಆ ಕುರ್ಚಿಯಲ್ಲಿ ಕೂತರೆ ಎಷ್ಟು ಭಯವಾಗುತ್ತದೆ ಎಂದು ನನಗೆ ಗೊತ್ತಾದದ್ದು ಅವತ್ತೇ. ಈ ಹೆಬ್ಬೆರಳು ಹೋದರೆ ನನಗೆ ಬೇರೆ ಕೆಲಸ ಬರುವುದಿಲ್ಲ.

ಶಿವಮೊಗ್ಗದಲ್ಲಿ ಕೈಯ ವ್ಯಾಯಾಮ ಮಾಡಿಸುವವರೊಬ್ಬರು ನೋಡಿ, ಹೆಬ್ಬೆರಳಿನ ಬುಡದ ಸ್ನಾಯು ಕಲ್ಲಾಗಿದೆ ಎಂದರು. ಹಲ್ಲು, ಪಿಟೀಲು ಎರಡರಲ್ಲಿ ಒಂದಕ್ಕೆ ರಜೆ ಕೊಡಿ ಎಂದರು. ಯಾವುದಕ್ಕೆ ಎಂದು ನಾನು ಕೇಳಲಿಲ್ಲ. ಮುಂದಿನ ಭಾನುವಾರ ಮೇಷ್ಟ್ರಿಗೆ ಹೇಳಿ ಕೈಮುಗಿದು ಬಂದುಬಿಡೋಣ ಎಂದು ಪಿಟೀಲು ತೆಗೆದುಕೊಳ್ಳದೆ ಹೊನ್ನಾಳಿಗೆ ಹೋದೆ.

ಹೋದರೆ ಮೇಷ್ಟ್ರು ಚಾಪೆಯ ಮೇಲೆ ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಕೂತಿದ್ದಾರೆ. ನ್ಯಾಮತಿ ಬಸ್ ಸ್ಟ್ಯಾಂಡಿನಲ್ಲಿ ಬಸ್ಸಿನಿಂದ ಇಳಿಯುವಾಗ ಕಾಲು ಜಾರಿ ಕೈ ಊರಿದ್ದರು. ಮಣಿಕಟ್ಟು ಮುರಿದಿತ್ತು.

“ಪಿಟೀಲು ಎಡಗೈಯಾಗೆ ಇತ್ತು. ಅದಕ್ಕೇನೂ ಆಗ್ಲಿಲ್ಲ” ಎಂದರು, ನಾನು ಕೇಳುವ ಮೊದಲೇ.

ಇಂಥ ಹೊತ್ತಿನಲ್ಲಿ ‘ನಾನು ಬಿಡುತ್ತೇನೆ’ ಎಂದು ಯಾರಿಗೆ ಹೇಳಲು ಬರುತ್ತದೆ? ಚಹಾ ಕುಡಿದು ಬಂದೆ. ಆಮೇಲೂ ಭಾನುವಾರಗಳಲ್ಲಿ ಹೋಗುತ್ತಿದ್ದೆ, ಶಿಷ್ಯನಾಗಿ ಅಲ್ಲ, ನೋಡಿ ಬರುವ ನೆಂಟನಾಗಿ. ಪ್ಲಾಸ್ಟರ್ ಬಿಚ್ಚಿದರು. ಮೂಳೆ ಕೂಡಿತ್ತು, ಶಕ್ತಿ ಮಾತ್ರ ಬಂದಿರಲಿಲ್ಲ. ಬಟ್ಟೆ ಹಿಂಡಲು ಆಗುತ್ತಿರಲಿಲ್ಲ, ರೊಟ್ಟಿ ಮುರಿಯಲು ಆಗುತ್ತಿರಲಿಲ್ಲ. ಪಿಟೀಲನ್ನು ಹಸಿರು ಶಾಲಿನಲ್ಲಿ ಸುತ್ತಿ ಕಪಾಟಿನ ಮೇಲಿಟ್ಟಿದ್ದರು. ಅದರ ಸುದ್ದಿಯನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮಳೆ, ಹೊಳೆಯ ನೀರು, ಅಡಿಕೆ ದರ ಮಾತಾಡುತ್ತಿದ್ದೆವು. ಇಬ್ಬರಿಗೂ ಅಡಿಕೆ ತೋಟ ಇರಲಿಲ್ಲ.

ಅದೇ ಸಮಯಕ್ಕೆ ಬಸಮ್ಮನವರು ನನ್ನ ದವಾಖಾನೆಗೆ ಬಂದರು. ಉಳಿದಿದ್ದ ಒಂದೆರಡು ಹಲ್ಲೂ ಹೋಗಿ ಅವರಿಗೆ ಪೂರ್ತಿ ಸೆಟ್ಟು ಕಟ್ಟಿಸಬೇಕಿತ್ತು. ಜಗಳೂರಿನಿಂದ ಬರುವ ದಾರಿಯಲ್ಲೇ ದಾವಣಗೆರೆ ಸಿಗುತ್ತದೆ. ಅಲ್ಲಿ ಹಲ್ಲಿನ ಡಾಕ್ಟರುಗಳಿಗೆ ಬರವಿಲ್ಲ. “ಖಾದರಣ್ಣನ ಶಿಷ್ಯರು ಅಂದ್ರೆ ನಮ್ಮೋರೇ ಅಲ್ವಾ” ಎಂದು ಅದನ್ನೆಲ್ಲ ದಾಟಿ ಬಂದಿದ್ದರು. ಅಳತೆ ತೆಗೆದು, ಕಟ್ಟಿಸಿ, ಕೊನೆಗೆ ಒಂದು ದಿನ ಹೊಸ ಹಲ್ಲುಗಳನ್ನು ಅವರ ಬಾಯಲ್ಲಿ ಕೂರಿಸಿದೆ. ಕನ್ನಡಿ ನೋಡಿಕೊಂಡು ನಕ್ಕರು. ಆಮೇಲೆ ಹಾಡಲು ಹೋದರು. ಮೊದಲ ಸಾಲಿನಲ್ಲೇ ಕೆಳಗಿನ ಸೆಟ್ಟು ಎದ್ದು ಕುಣಿಯಿತು.

ಅವರ ಮುಖ ಸಣ್ಣದಾಯಿತು. “ಮುಂದಿನ ತಿಂಗಳು ನಮ್ಮೂರಾಗೆ ನಂದು ಕೊನೇ ಕಾರ್ಯಕ್ರಮ ಐತೆ ಡಾಕ್ಟ್ರೇ. ಉಸಿರು ಸಾಲಲ್ಲ, ಅದಾದ ಮೇಲೆ ಹಾಡೋದು ಬಿಡ್ತೀನಿ ಅಂತ ಎಲ್ರಿಗೂ ಹೇಳೀನಿ. ಅದೊಂದಾದ್ರೂ ಆಗಬೇಕಲ್ರೀ.”

ನಾನು ಪಕ್ಕದಲ್ಲಿ ಕೂತು, ಅವರ ದವಡೆಯನ್ನು ಕೈಯಲ್ಲಿ ಹಿಡಿದು, ಎಲ್ಲರಿಗೂ ಹೇಳುವುದನ್ನೇ ಹೇಳಿದೆ. “ನೋಡ್ರಿ ಅಮ್ಮ, ಬಿದ್ದೀತು ಅಂತ ನೀವು ನಾಲಿಗೆಯಿಂದ, ಕೆನ್ನೆಯಿಂದ ಅದನ್ನು ಒತ್ತಿ ಹಿಡೀತಿದೀರಿ. ಒತ್ತಿದಷ್ಟೂ ಏಳುತ್ತೆ. ಅದು ತನ್ನಷ್ಟಕ್ಕೆ ಕೂತಿರುತ್ತೆ, ಕೂರಾಕೆ ಬಿಡ್ರಿ. ನಾಲಿಗೆ ಸುಮ್ನೆ ಮಲಗಿರಲಿ. ದವಡೆ ಸಡಿಲ ಬಿಡ್ರಿ.”

ಬಸಮ್ಮನವರು ಕಣ್ಣನ್ನು ಮಾತ್ರ ಕೆಳಗೆ ಹೊರಳಿಸಿ ನನ್ನ ಕೈ ನೋಡಿದರು. “ಸಡಿಲ ಬಿಡ್ತೀನ್ರೀ. ಮೊದ್ಲು ನೀವು ನನ್ನ ಗದ್ದ ಬಿಡ್ರಿ” ಎಂದರು.

ಬಿಟ್ಟೆ. ಅವರ ಗದ್ದದ ಮೇಲೆ ನನ್ನ ಹೆಬ್ಬೆರಳಿನ ಗುರುತು ಮೂಡಿತ್ತು.

ಅವರು ಅಲ್ಲೇ ಕೂತು ಸಣ್ಣ ದನಿಯಲ್ಲಿ ಗುನುಗುತ್ತಾ ಅಭ್ಯಾಸ ಮಾಡಿದರು. ಸ್ವಲ್ಪ ಹೊತ್ತಿಗೆ ಸೆಟ್ಟು ಕುಣಿಯುವುದು ನಿಂತಿತು. ಎದ್ದು ಚೀಲ ಹೆಗಲಿಗೆ ಹಾಕಿಕೊಂಡವರು, “ಖಾದರಣ್ಣ ಫೋನ್ ಎತ್ತಲ್ಲ. ಹೊನ್ನಾಳಿಗೆ ಕರ್ಕಂಡು ಹೋಗ್ರಿ” ಎಂದರು. ಮರುದಿನ ಭಾನುವಾರ. ಆ ರಾತ್ರಿ ನಮ್ಮ ಮನೆಯಲ್ಲೇ ಉಳಿದರು. ಅವರಿಗೂ ಸುಮಾಳಿಗೂ ನನ್ನ ಪಿಟೀಲಿನ ಬಗ್ಗೆ ಬಹಳ ಮಾತಾಯಿತಂತೆ. ನಗು ಮಾತ್ರ ನನಗೆ ಕೇಳಿಸಿತು.

ಮೇಷ್ಟ್ರು ಬಸಮ್ಮನನ್ನು ನೋಡಿದ ಕೂಡಲೇ ಕೈಯನ್ನು ಹೊದ್ದಿದ್ದ ಶಾಲಿನೊಳಗೆ ಎಳೆದುಕೊಂಡರು.

“ನನ್ನಿಂದ ಆಗಲ್ಲ ಅಕ್ಕ. ಬೇರೆ ಯಾರನ್ನಾದ್ರೂ ನೋಡ್ಕಳ್ರಿ.”

“ಯಾಕಾಗಲ್ಲ?”

“ಚಹಾ ಲೋಟ ಹಿಡಿಯಾಕೆ ಆಗವಲ್ದು. ಕಮಾನು ಹೆಂಗೆ ಹಿಡೀಲಿ?”

“ನನ್ನ ಬಾಯಾಗೆ ನನ್ನ ಹಲ್ಲು ಒಂದೂ ಇಲ್ಲ. ಇವರು ಕೊಟ್ಟಿದ್ದು ಇಟ್ಕಂಡು ಹಾಡಾಕೆ ಹೊಂಟೀನಿ” ಎಂದು ಬಸಮ್ಮ ಚಾಪೆಯ ಮೇಲೆ ಕೂತರು. ಜೈನಬಿ ಒಳಗಿನಿಂದ ಬಂದರು, ಒಂದು ಸ್ಟೂಲು ಎಳೆದು ಹತ್ತಿ ಕಪಾಟಿನ ಮೇಲಿನ ಹಸಿರು ಗಂಟನ್ನು ಇಳಿಸಿದರು, ಗಂಡನ ಮುಂದಿಟ್ಟು ಒಳಗೆ ಹೋದರು.

ಮೇಷ್ಟ್ರು ಬಹಳ ಹೊತ್ತು ಅದನ್ನು ಬಿಚ್ಚಲಿಲ್ಲ. ಬಸಮ್ಮ ಕಣ್ಣು ಮುಚ್ಚಿ ಒಂದು ಸಾಲನ್ನು ಮೆಲ್ಲಗೆ ಎತ್ತಿಕೊಂಡರು, ಅದನ್ನೇ ಮತ್ತೆ ಮತ್ತೆ ಹಾಡಿದರು, ಮುಂದಿನ ಸಾಲಿಗೆ ಹೋಗಲೇ ಇಲ್ಲ. ಯಾರೋ ಬಾಗಿಲಲ್ಲಿ ನಿಂತು ಕರೆಯುತ್ತಲೇ ಇದ್ದ ಹಾಗೆ. ಕೊನೆಗೆ ಮೇಷ್ಟ್ರು ಹಸಿರು ಶಾಲು ಸರಿಸಿದರು. ತಂತಿ ಬಿಗಿ ಮಾಡಿದರು. ಕಮಾನನ್ನು ಎಡಗೈಯಿಂದ ಎತ್ತಿ ಬಲಗೈಯ ಬೆರಳುಗಳ ನಡುವೆ ಇಟ್ಟುಕೊಂಡರು. ಹಿಡಿದರು ಎನ್ನುವ ಹಾಗಿಲ್ಲ, ಹಿಡಿಯಲು ಅಲ್ಲಿ ಬಲವೇ ಇರಲಿಲ್ಲ. ಹೆಬ್ಬೆರಳು ನೆಟ್ಟಗೆ ನಿಲ್ಲಲಾರದೆ ಮಡಚಿಕೊಂಡಿತು. ಕಿರುಬೆರಳು ದುಂಡಗೆ ಕಡ್ಡಿಯ ಮೇಲೆ ಕೂತಿತು. ಕಮಾನು ತನ್ನದೇ ಭಾರಕ್ಕೆ ತಂತಿಯ ಮೇಲೆ ಮಲಗಿತು. ಅವರು ಮೊಣಕೈಯನ್ನು ಮೆಲ್ಲಗೆ ತೆರೆದರು.

ಸದ್ದು ಬಂತು. ಸಣ್ಣ ಸದ್ದು, ಆದರೆ ಕಮಾನಿನ ಈ ತುದಿಯಿಂದ ಆ ತುದಿಯವರೆಗೆ ಎಲ್ಲೂ ತುಂಡಾಗಲಿಲ್ಲ, ಎಲ್ಲೂ ಕೆರೆಯಲಿಲ್ಲ. ಒಂದು ವರ್ಷ ಅವರ ಪಿಟೀಲು ಕೇಳಿದ್ದ ನನಗೆ ಇದು ಬೇರೆ ಪಿಟೀಲು ಅನ್ನಿಸಿತು. ಅವರಿಗೂ ಅನ್ನಿಸಿರಬೇಕು, ನಿಲ್ಲಿಸಿಬಿಟ್ಟರು.

“ಇದು ನನ್ನ ಸದ್ದಲ್ಲ ಅಕ್ಕ. ಹಿಂದೆ ಕೂತೋರ ಸಾಲಿಗೆ ಮುಟ್ಟಲ್ಲ.”

“ಹಾಡೋಳು ನಾನು. ನಂಗೆ ಮುಟ್ಟಿದ್ರೆ ಸಾಕು. ಎತ್ಕಳ್ರಿ” ಎಂದರು ಬಸಮ್ಮ.

ಅಂದು ಮಧ್ಯಾಹ್ನದ ತನಕ ಇಬ್ಬರೂ ಅದೇ ಸಾಲನ್ನು ಹಾಡಿದರು, ನುಡಿಸಿದರು. ನಾನು ಗೋಡೆಗೆ ಒರಗಿ ಆ ಹೆಬ್ಬೆರಳನ್ನೇ ನೋಡುತ್ತಿದ್ದೆ. ಬಸಮ್ಮ ಊಟಕ್ಕೆಂದು ಒಳಗೆ ಹೋದಾಗ ಮೇಷ್ಟ್ರು ನನ್ನತ್ತ ತಿರುಗಿದರು. “ಬಾಳ ದಿನ ಆತು, ನಿಮ್ಮ ಪಿಟೀಲು ಎಲ್ಲಿ ಡಾಕ್ಟ್ರೇ?”

ಆಗ ಹೇಳಲೇಬೇಕಾಯಿತು. ನೋವು, ಇಕ್ಕಳ ಜಾರಿದ್ದು, ಬಿಡಬೇಕೆಂದುಕೊಂಡದ್ದು, ಎಲ್ಲ ಹೇಳಿದೆ. ಅವರು ನನ್ನ ಬಲಗೈಯನ್ನು ತಮ್ಮ ಎಡಗೈಗೆ ತೆಗೆದುಕೊಂಡು ಹೆಬ್ಬೆರಳಿನ ಬುಡ ಒತ್ತಿ ನೋಡಿದರು. ನಾನು ಹಲ್ಲು ಕಚ್ಚಿದೆ.

“ನನ್ನ ಕೈ ನೋಡಿ ಹಿಡಿದ್ರಿ ನೀವು” ಎಂದರು. “ನಾನು ಹಂಗೆ ಹಿಡೀತಿದ್ದುದು ನಾಟಕದ ಟೆಂಟಿಗೆ. ಮೈಕು ಹಾಡೋರಿಗೆ ಮಾತ್ರ ಇರ್ತಿತ್ತು. ಹಿಂದಿನ ಸಾಲಿಗೆ ಕೇಳ್ಬೇಕಂದ್ರೆ ಒತ್ತಬೇಕಿತ್ತು, ಒತ್ತಿದೆ. ಟೆಂಟು ಹೋತು, ಕೈಗೆ ಅದು ಗೊತ್ತಾಗ್ಲಿಲ್ಲ. ನಿಮ್ಮ ಮನಿಯಾಗೆ ಹಿಂದಿನ ಸಾಲು ಎಲ್ಲೈತ್ರೀ?”

ನಾನು ನಕ್ಕೆ, ಅವರೂ ನಕ್ಕರು. ನಗುವಾಗಲೂ ಅವರು ನನ್ನ ಕೈ ಬಿಟ್ಟಿರಲಿಲ್ಲ. ಇಷ್ಟು ವರ್ಷ ಶಿಷ್ಯರಿಗೆಲ್ಲ ಹೀಗೇ ಕಲಿಸಿದೆನಲ್ಲ ಎಂದು ಅವರು ಯೋಚಿಸುತ್ತಿದ್ದಾರೆ ಅನ್ನಿಸಿತು. ಜೈನಬಿ ಚಹಾ ತಂದಿಟ್ಟರು. ಮೇಷ್ಟ್ರು ಲೋಟದ ಅಂಚನ್ನು ಬೆರಳ ತುದಿಗಳಲ್ಲಿ, ಬೀಳದಷ್ಟು ಮಾತ್ರ ಹಿಡಿದು, ಮೆಲ್ಲಗೆ ಎತ್ತಿದರು. ಎತ್ತಿದ್ದನ್ನು ತಾವೇ ನೋಡಿಕೊಂಡರು. “ಇಷ್ಟೇ ರೀ ಹಿಡಿಯೋದು. ಹೆಚ್ಚು ಹಿಡಿದ್ರೆ ಸುಡ್ತೈತೆ” ಎಂದರು. ಅದು ನನಗೂ ಪಾಠ, ಅವರಿಗೂ ಪಾಠ.

ಆಮೇಲಿನ ಭಾನುವಾರಗಳಲ್ಲಿ ನಾವಿಬ್ಬರೂ ಒಂದೇ ತರಗತಿಯಲ್ಲಿ ಕೂತೆವು. ಪಿಟೀಲು ಮುಟ್ಟದೆ ಪೆನ್ಸಿಲ್ಲು ಹಿಡಿಯುವುದು, ಭುಜವನ್ನು ಕಿವಿಯ ಹತ್ತಿರದಿಂದ ಕೆಳಗಿಳಿಸುವುದು, ಕೈಯನ್ನು ಒದ್ದೆ ಬಟ್ಟೆಯ ಹಾಗೆ ಇಳಿಬಿಡುವುದು. ಶಿವಮೊಗ್ಗದಲ್ಲಿ ಹೇಳಿಕೊಟ್ಟ ವ್ಯಾಯಾಮವನ್ನು ನಾನು ಅವರಿಗೆ ಹೇಳಿದೆ, ಅವರ ಬೆರಳುಗಳು ತಾವಾಗಿ ಕಂಡುಕೊಂಡದ್ದನ್ನು ಅವರು ನನಗೆ ತೋರಿಸಿದರು. ಅವರಿಗೆ ಬಲ ಬರುತ್ತಿತ್ತು. ಬಲ ಬಂದಂತೆ ಹಳೆಯ ಹೆಬ್ಬೆರಳು ಮತ್ತೆ ನೆಟ್ಟಗಾಗುತ್ತಿತ್ತು. “ನೋಡ್ರಿ, ಮತ್ತೆ ಟೆಂಟಿಗೆ ಹೋತು” ಎಂದು ತಾವೇ ಬೈದುಕೊಳ್ಳುತ್ತಿದ್ದರು. ನನಗೆ ಸಡಿಲ ಬಿಡುವುದು ಹಲ್ಲು ಕೀಳುವುದಕ್ಕಿಂತ ಕಷ್ಟವಾಯಿತು. ಸಡಿಲವಾಗಿರಬೇಕೆಂದು ನಾನು ಎಷ್ಟು ಬಿಗಿಯಾಗಿ ಪ್ರಯತ್ನಿಸುತ್ತಿದ್ದೆನೆಂದರೆ ಕತ್ತು ಹಿಡಿದುಕೊಂಡಿತು. ಕಮಾನು ಕೈಯಿಂದ ಜಾರೀತು ಎಂಬ ಹೆದರಿಕೆ ಹೆಬ್ಬೆರಳಿನಲ್ಲಿ ಇರಲಿಲ್ಲ, ಇನ್ನೂ ಒಳಗೆ ಎಲ್ಲೋ ಇತ್ತು. ಆದರೂ ಮೆಲ್ಲಮೆಲ್ಲಗೆ ಬೀಗ ತಿರುಗಿಸುವಾಗಿನ ನೋವು ಹೋಯಿತು.

ಜಗಳೂರಿನ ಕಾರ್ಯಕ್ರಮ ಸಂಜೆ ಒಂದು ಸಮುದಾಯ ಭವನದಲ್ಲಿತ್ತು. ಮೇಷ್ಟ್ರನ್ನೂ ಜೈನಬಿಯವರನ್ನೂ ಸುಮಾಳನ್ನೂ ಕಾರಿನಲ್ಲಿ ಕರೆದುಕೊಂಡು ಹೋದೆ. ದಾವಣಗೆರೆ ದಾಟಿದ ಮೇಲೆ ನೆಲ ಒಣಗುತ್ತಾ, ಆಕಾಶ ದೊಡ್ಡದಾಗುತ್ತಾ ಹೋಯಿತು. ಮೇಷ್ಟ್ರು ದಾರಿಯುದ್ದಕ್ಕೂ ಬಲಗೈಯನ್ನು ತೊಡೆಯ ಮೇಲೆ ಅಂಗೈ ಮೇಲಾಗಿ ಇಟ್ಟುಕೊಂಡು ಅದನ್ನೇ ನೋಡುತ್ತಿದ್ದರು.

ಭವನ ತುಂಬಿತ್ತು. ಬಸಮ್ಮ ಎರಡು ಹಾಡು ಚೆನ್ನಾಗಿ ಹಾಡಿದರು, ಹಲ್ಲು ಅಲುಗಲಿಲ್ಲ. ಮೂರನೆಯದರ ನಡುವೆ, ಮೇಲಿನ ಸ್ವರಕ್ಕೆ ಏರುವಾಗ, ಮೇಷ್ಟ್ರ ಕೈಯಿಂದ ಕಮಾನು ಜಾರಿತು. ಜಮಖಾನೆಯ ಮೇಲೆ ಬಿದ್ದು ಒಂದು ಸುತ್ತು ಉರುಳಿ ನಿಂತಿತು. ಪಕ್ಕದಲ್ಲಿ ಜೈನಬಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಎಷ್ಟೋ ವರ್ಷಗಳಿಂದ ಆ ಹೆಬ್ಬೆರಳು ಹೆದರುತ್ತಿದ್ದದ್ದು ಇದಕ್ಕೇ ಇರಬೇಕು, ಅದು ಕೊನೆಗೆ ಎಲ್ಲರೆದುರು ಆಗಿಹೋಗಿತ್ತು.

ಬಸಮ್ಮ ತಿರುಗಿ ನೋಡಲಿಲ್ಲ. ಆ ಸಾಲನ್ನು ಮುಗಿಸಿ, ಮತ್ತೆ ಮೊದಲಿನಿಂದ ಎತ್ತಿಕೊಂಡರು, ಅದು ಹಾಡಿನಲ್ಲಿ ಇದ್ದದ್ದೇ ಎನ್ನುವ ಹಾಗೆ. ಮೇಷ್ಟ್ರು ಬಗ್ಗಿದರು. ಅವಸರವಿಲ್ಲದೆ ಕಮಾನನ್ನು ಎತ್ತಿಕೊಂಡು, ಬೆರಳುಗಳ ನಡುವೆ ಅಷ್ಟೇ ಸಡಿಲವಾಗಿ ಇಟ್ಟುಕೊಂಡು, ಮುಂದಿನ ಸಾಲಿಗೆ ಬಂದು ಸೇರಿದರು. ನಾನು ಆ ಹೆಬ್ಬೆರಳನ್ನು ನೋಡುತ್ತಿದ್ದೆ. ಅದು ನೆಟ್ಟಗಾಗಲಿಲ್ಲ. ಕಮಾನು ಬಿದ್ದ ಮೇಲೂ ಮಡಚಿಕೊಂಡೇ ಇತ್ತು. ಅಲ್ಲಿಂದ ಮುಂದೆ ಅವರು ನುಡಿಸಿದ್ದನ್ನು ವರ್ಣಿಸಲು ಹೋಗುವುದಿಲ್ಲ, ನಾನು ಕೇಳಿದ್ದಕ್ಕಿಂತ ನೋಡಿದ್ದೇ ಹೆಚ್ಚು. ಕೊನೆಯ ಹಾಡಿಗೆ ಸುಮಾ ಕಣ್ಣು ಒರೆಸಿಕೊಂಡಳು. ನನ್ನ ಪಿಟೀಲಿಗೂ ಅವಳ ಕಣ್ಣಲ್ಲಿ ನೀರು ಬಂದದ್ದುಂಟು, ಕಾರಣ ಬೇರೆ.

ಮುಗಿದ ಮೇಲೆ ಒಬ್ಬರು ಬಂದು, “ನಡುವೆ ಕಮಾನು ಬಿತ್ತಲ್ರೀ ಮೇಷ್ಟ್ರೇ” ಎಂದರು.

“ಬಿತ್ತು. ಎತ್ಕಂಡೆ” ಎಂದರು ಮೇಷ್ಟ್ರು.

ಇದೆಲ್ಲ ಆಗಿ ಈಗ ಕೆಲವು ತಿಂಗಳಾಗಿವೆ. ನನ್ನ ನುಡಿಸಾಣಿಕೆ ದೊಡ್ಡದಾಗಿ ಸುಧಾರಿಸಿಲ್ಲ, ಕೆರೆತ ಮಾತ್ರ ಕಡಿಮೆಯಾಗಿದೆ. ಪಕ್ಕದ ಮನೆಯವರು ಕಿಟಕಿ ಮುಚ್ಚುವುದು ಬಿಟ್ಟಿದ್ದಾರೆ. ಮೊನ್ನೆ ಬಸಮ್ಮನವರು ಫೋನ್ ಮಾಡಿದ್ದರು, ಹಲ್ಲಿನ ವಿಷಯಕ್ಕೆ ಇರಬೇಕೆಂದುಕೊಂಡೆ. ಅಲ್ಲ, ಮುಂದಿನ ವಾರ ಹೊನ್ನಾಳಿಯಲ್ಲಿ ಅವರ ಹಾಡು, ಅದಾದ ಮೇಲೆ ನ್ಯಾಮತಿಯಲ್ಲಿ. ಖಾದರಣ್ಣ ಬರುತ್ತಾರೆ, ನೀವೂ ಬರಬೇಕು ಎಂದರು.

“ಹಾಡೋದು ಬಿಡ್ತೀನಿ ಅಂತ ಊರಿಗೆಲ್ಲ ಹೇಳಿದ್ರಲ್ಲಮ್ಮ?” ಎಂದೆ.

“ಹೂಂ ರೀ ಡಾಕ್ಟ್ರೇ” ಎಂದರು ಬಸಮ್ಮ. “ಈಗ ಬಿಟ್ಟೇ ಹಾಡ್ತಿದೀನಿ.”